ಮರುವಾರದ ಅಪಾಯಿಂಟ್‌ಮೆಂಟ್

ಜನವರಿ 12, ಸೋಮವಾರ

ಮಾಹಿತಿ ಕೇಂದ್ರ, ಎರಡನೇ ಮಹಡಿ. ಫೋನು ಎರಡು, ಎತ್ತುವವಳು ನಾನೊಬ್ಬಳೇ. ಜೊತೆಯವಳಿಗೆ ಜ್ವರ. ಬೆಳಿಗ್ಗೆಯಿಂದ ಬಂದ ಕರೆಗಳದೆಲ್ಲ ಒಂದೇ ಪ್ರಶ್ನೆ: ಮಾರ್ಚ್‌ನಲ್ಲಿ ಯಂತ್ರ ಚಾಲೂ ಆದರೆ ಭೂಮಿ ಉಳಿಯುತ್ತದಾ.

ನೆಲದ ಕೆಳಗೆ ಉಂಗುರದಂಥ ಸುರಂಗವಿದೆ. ಅದರೊಳಗೆ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಸಿಡಿದ ಚೂರುಗಳನ್ನು ನೋಡುತ್ತಾರೆ. ಈ ಮೂರು ವಾಕ್ಯ ಹೇಳಿ ಹೇಳಿ ನಾಲಿಗೆ ಸವೆದಿದೆ. ಈಗ ನಿದ್ದೆಯಲ್ಲೂ ಹೇಳುತ್ತೇನಂತೆ — ಗಂಡನ ದೂರು.

ಒಬ್ಬಾಕೆ: "ಕಪ್ಪು ರಂಧ್ರ ಅಂತ ಆದ್ರೆ ಯಾವ ಕಡೆಯಿಂದ ಶುರುವಾಗತ್ತೆ? ನಮ್ಮನೆ ಪೂರ್ವಕ್ಕಿದೆ."

ಟೈಲ್ಸ್ ಮನುಷ್ಯ ಮತ್ತೆ ಫೋನು ಮಾಡಿದ್ದ. "ಮೇಡಂ, ಹಾಲ್‌ಗೆ ಟೈಲ್ಸ್ ಹಾಕಿಸೋಣ ಅಂತ. ಹಾಕಿಸ್ಲಾ, ಮಾರ್ಚ್ ಕಳೀಲಿ ಅಂತೀರಾ?"

"ಅಪಾಯದ ಸಾಧ್ಯತೆ ಗಣನೆಗೆ ಬಾರದಷ್ಟು ಅಲ್ಪ, ಸರ್."

"ಅಂದ್ರೆ ಕಾಯೋದಾ?"

'ಆಗುವುದೇ ಇಲ್ಲ' ಎನ್ನುವಂತಿಲ್ಲ. ಮೇಷ್ಟ್ರ ನಿಯಮ. ಮೇಷ್ಟ್ರು ಎಂದರೆ ಇಡೀ ಪ್ರಯೋಗದ ಹಿರಿಯ. ಬೋಳು ತಲೆ, ದಪ್ಪ ಕನ್ನಡಕ, ಬಿಳಿ ಗಡ್ಡ, ಮಾಸದ ಕಾಲರ್. ನಾನು ಬರೆದ ಉತ್ತರಗಳನ್ನೆಲ್ಲ ಅವರೇ ತಿದ್ದುತ್ತಾರೆ. "ನಾಳೆ ಸೂರ್ಯ ಹುಟ್ಟೇ ಹುಟ್ತಾನೆ ಅಂತಾನೂ ನಾವು ಬರೆದುಕೊಡೋ ಹಾಗಿಲ್ಲ ಮೇಡಂ." ಉಳಿದವರು ಇದಕ್ಕೆ ಬೆನ್ನ ಹಿಂದೆ ನಗುತ್ತಾರೆ. ನನಗೆ ಮಾತ್ರ ಈ ನಿಯಮ ಇಷ್ಟ. ತೂಕಕ್ಕೆ ತಕ್ಕ ಮಾತು.

ಜನವರಿ 14

ಭಯ ಮನೆಗೂ ಬಂತು. ಮರಿಯ ಕ್ಲಾಸಿನಲ್ಲಿ ಯಾರೋ ಹೇಳಿದ್ದಾರೆ, ನಿಮ್ಮಮ್ಮನ ಆಫೀಸಿನವರು ಭೂಮಿಗೆ ತೂತು ಕೊರೀತಾರೆ ಅಂತ. ಒಂಬತ್ತು ವರ್ಷದವಳು. ಬ್ಯಾಗು ಇಳಿಸದೇ ಬಾಗಿಲಲ್ಲೇ ನಿಂತು ಕೇಳಿದಳು.

"ನಿಜ ಹೇಳಮ್ಮ. ಆಗತ್ತಾ, ಆಗಲ್ವಾ?"

"ಆಗೋ ಸಾಧ್ಯತೆ ತುಂಬಾ ತುಂಬಾ ಕಡಿಮೆ."

"ಸೊನ್ನೆನಾ?"

"ಸೊನ್ನೆ ಅಂತ ಹೇಳೋಕೆ ಬರಲ್ಲ ಮರಿ, ಆದರೆ—"

"ಹಾಗಾದ್ರೆ ಆಗತ್ತೆ."

ಆಗ ನನ್ನ ಅತ್ಯುತ್ತಮ ವಾದ ತೆಗೆದೆ. ಫೋನಿನಲ್ಲಿ ಬಹುಪಾಲು ಜನ ಇದಕ್ಕೆ ಸುಮ್ಮನಾಗುತ್ತಾರೆ. ಆಕಾಶದಿಂದ ಇದಕ್ಕಿಂತ ಎಷ್ಟೋ ಜೋರಾದ ಕಣಗಳು ಸದಾ ಬೀಳುತ್ತಲೇ ಇವೆ, ಕೋಟ್ಯಂತರ ವರ್ಷಗಳಿಂದ. ಅಲ್ಲೂ ಇಂಥದೇ ಡಿಕ್ಕಿ. ಭೂಮಿಗೆ ಏನಾಗಿದೆ? ಏನೂ ಇಲ್ಲ.

ಮರಿ ಮೇಲೆ ನೋಡಿದಳು. "ಈಗಲೂ ಬೀಳ್ತಿದೆಯಾ?"

ಜನವರಿ 17

ಮಳೆಯಿಲ್ಲ, ಬಿಸಿಲಿಲ್ಲ. ಮರಿ ಕೊಡೆ ಬಿಚ್ಚಿಕೊಂಡು ಸ್ಕೂಲಿಗೆ ಹೊರಟಳು. "ಇದೇನೇ ಕೊಡೆ?" ಅಂದರು ಇವರು. "ಕಣ ಬೀಳತ್ತೆ ಅಪ್ಪ."

ಇವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಮುಖ ನೋಡಿದರು. "ನೆಲದ ಕೆಳಗಿನ ಭಯ ಬಿಡಿಸೋಕೆ ಹೋಗಿ ಆಕಾಶದ್ದನ್ನೂ ತಂದುಕೊಟ್ಟೆಯಲ್ಲ ಮಾರಾಯ್ತಿ."

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದಕ್ಷರವೂ.

ಸಂಜೆ. ಇವರು ತಂಗಿಗೆ ಫೋನು ಮಾಡಿದ್ದಾರೆ. ನನ್ನನ್ನು ಕೇಳದೆ. "ಅವಳಿಗೆ ಮಕ್ಕಳನ್ನ ಮಾತಾಡಿಸೋಕೆ ಬರತ್ತೆ." ನನಗೆ ಬರುವುದಿಲ್ಲ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಜನವರಿ 18, ಭಾನುವಾರ

ಕತ್ತರಿ ಬಂದಳು. ಇವರ ತಂಗಿ; ಈ ಡೈರಿಯಲ್ಲಿ ಅವಳಿಗೆ ಅದೇ ಹೆಸರು. ಬಸ್ ನಿಲ್ದಾಣದ ಎದುರು ಅವಳದೊಂದು ಸಲೂನು, ಗಂಡಸರಿಗೂ ಹೆಂಗಸರಿಗೂ. ಒಳಗೆ ಬಂದವಳೇ ಚಪ್ಪಲಿ ಒಂದು ದಿಕ್ಕಿಗೆ, ಬ್ಯಾಗು ಒಂದು ದಿಕ್ಕಿಗೆ. ನನ್ನ ಕಪ್ಪಿನಲ್ಲೇ ಟೀ ಹಾಕಿಕೊಂಡಳು. ಬೇರೆ ಕಪ್ಪು ಮುಂದೆಯೇ ಇತ್ತು.

"ಅತ್ತಿಗೆ, ನಿಮ್ಮ ಕೂದಲು ನೋಡಿದ್ರೆ ನನ್ನ ಕೈ ಕಡಿಯತ್ತೆ. ಒಂದು ಸಲ ಕೊಡಿ."

"ಇರಲಿ." ಹತ್ತು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ನನ್ನ ಕೂದಲು ನಾನೇ ಕತ್ತರಿಸಿಕೊಳ್ಳುತ್ತೇನೆ, ಕನ್ನಡಿ ಮುಂದೆ, ಸ್ಕೇಲು ಇಟ್ಟು.

ಮರಿಯನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚಿದಳು. ಬಾಚುತ್ತಾ ಬಾಚುತ್ತಾ ಕೇಳಿದಳು, ಯಾವುದೋ ಸಿನಿಮಾ ಕೇಳಿದ ಹಾಗೆ, "ಏನಂತೆ, ಭೂಮಿ ಮುಳುಗತ್ತಂತೆ?" ಮರಿ ತಲೆ ಆಡಿಸಿದಳು.

"ಅಲ್ಲಾಡಬೇಡ, ಬೈತಲೆ ಸೊಟ್ಟಗಾಗತ್ತೆ. ಅದನ್ನ ಚಾಲೂ ಮಾಡೋ ಅಂಕಲ್ ಇದಾರಲ್ಲ, ದೊಡ್ಡೋರು, ಅವರು ನನ್ನ ಖಾಯಂ ಗಿರಾಕಿ. ನನ್ನ ಕುರ್ಚೀಲೇ ಕೂರೋದು. ಇವತ್ತು ಬೆಳಿಗ್ಗೆಯಷ್ಟೇ ಬಂದಿದ್ರು. ಈಗ್ಲೇ ಮುಂಗಡವಾಗಿ ಒಂದು ಅಪಾಯಿಂಟ್‌ಮೆಂಟ್ ಯಾವಾಗಕ್ಕೆ ತಗೊಂಡ್ರು ಗೊತ್ತಾ? ಮಾರ್ಚ್ ಇಪ್ಪತ್ತೈದಕ್ಕೆ. ಮಿಷನ್ ಶುರುವಾಗೋದು ಹದಿನೆಂಟಕ್ಕೆ. ಮುಳುಗೋ ಹಾಗಿದ್ರೆ ಮರುವಾರಕ್ಕೆ ಯಾರಾದ್ರೂ ಅಪಾಯಿಂಟ್‌ಮೆಂಟ್ ತಗೋತಾರೇನೇ?"

ಮರಿ ಬೆರಳು ಮಡಿಸಿ ಹದಿನೆಂಟರಿಂದ ಇಪ್ಪತ್ತೈದರವರೆಗೆ ಎಣಿಸಿದಳು. ನೆಲ ನೋಡಿದಳು. ಆಮೇಲೆ, "ತಗೊಳ್ಳಲ್ಲ."

ಅಷ್ಟೇ. ಸಂಜೆ ಕೊಡೆ ಮೂಲೆಗೆ ಹೋಯಿತು. ಅನ್ನ ಎರಡು ಸಲ ಹಾಕಿಸಿಕೊಂಡಳು.

ಮೇಷ್ಟ್ರ ತಲೆಯಲ್ಲಿ ಹುಡುಕಿದರೂ ಒಂದು ಕೂದಲಿಲ್ಲ. ಇವಳು ಏನನ್ನು ಕತ್ತರಿಸುತ್ತಾಳೆ? ಶುದ್ಧ ಸುಳ್ಳು. ಬಾಯಿವರೆಗೆ ಬಂದಿತ್ತು. ಹೇಳಲಿಲ್ಲ. ಇಟ್ಟುಕೊಂಡೆ.

ಜನವರಿ 29

ಈಗ ಸ್ಕೂಲು ಬಿಟ್ಟ ಮೇಲೆ ನೇರ ಸಲೂನಿಗೆ. ತಿರುಗುವ ಕುರ್ಚಿಯಲ್ಲಿ ಕೂತು ಹೋಮ್‌ವರ್ಕ್. ಮನೆಗೆ ಬಂದಾಗ ಕೂದಲಲ್ಲಿ ಬೇರೆ ಮನೆಯ ಶಾಂಪೂ ವಾಸನೆ. ಬೈತಲೆ ಎಡಕ್ಕೆ ಸರಿದಿದೆ. ಒಂಬತ್ತು ವರ್ಷ ನಾನು ನಡುವೆ ತೆಗೆದ ಬೈತಲೆ.

"ಅತ್ತೆ ಹೇಳಿದ್ರು, ನನ್ನ ಮುಖಕ್ಕೆ ಎಡಗಡೆ ಚಂದ ಅಂತ."

"ಅತ್ತೆ ಹೇಳಿದ್ರು, ನಗೋವಾಗ ನಾನು ಅವರ ಹಾಗೇ ಅಂತ."

"ಅತ್ತೆ ಹೇಳಿದ್ರು, ಅಮ್ಮ ತುಂಬಾ ಓದ್ತಾರೆ ಪಾಪ ಅಂತ."

ಈ 'ಪಾಪ' ಗಂಟಲಲ್ಲಿ ಕೂತಿದೆ. ಕೆಮ್ಮಿದರೂ ಹೋಗುತ್ತಿಲ್ಲ.

ಫೆಬ್ರವರಿ 4

ಓದುತ್ತಿರುವುದು ಒಂದು ಬಂದರಿನ ಊರಿನ ಕಾದಂಬರಿ, ಅನುವಾದ. ಗಂಡನ ಮೇಲೆ ಸಂಶಯ, ಕಿಟಕಿ, ಹಡಗು, ಇನ್ನೊಬ್ಬಳ ಕೈಗವಸು. ಅನುವಾದಕರು ಎಲ್ಲ ಕಡೆಯೂ 'ಅಸೂಯೆ' ಎಂದೇ ಹಾಕಿದ್ದಾರೆ. ಸೋಮಾರಿತನ. ನಮ್ಮಲ್ಲಿ ಮತ್ಸರ ಇದೆ, ಕರುಬುವುದು ಇದೆ, ಹೊಟ್ಟೆಕಿಚ್ಚು ಇದೆ. ಮೂರೂ ಬೇರೆ ಬೇರೆ. ನನ್ನದು ಹೊಟ್ಟೆಯಲ್ಲೇ ಇದೆ, ಊಟವಾದ ಮೇಲೆ ಜಾಸ್ತಿ. ಆದ್ದರಿಂದ ಮೂರನೆಯದು.

ಓದಿದ ಯಾವ ಕಾದಂಬರಿಯಲ್ಲೂ ಯಾರೂ ಮಗಳ ಬೈತಲೆಗಾಗಿ ಉರಿದುಕೊಂಡಿಲ್ಲ. ಎಲ್ಲರಿಗೂ ಗಂಡಸರದೇ ಚಿಂತೆ.

ಇನ್ನೂ ಒಂದು ಸಂಕಟ. ಮರುವಾರದ ಅಪಾಯಿಂಟ್‌ಮೆಂಟ್ ಎನ್ನುವ ಆ ವಿವರ — ಅದು ಒಳ್ಳೆಯ ವಿವರ. ಇಪ್ಪತ್ತು ವರ್ಷ ಓದಿದ ನನಗೆ ಹೊಳೆಯಲಿಲ್ಲ. ಜಾಹೀರಾತು ಬಿಟ್ಟು ಬೇರೇನೂ ಓದದವಳ ಬಾಯಲ್ಲಿ ಸಲೀಸಾಗಿ ಬಂತು.

ಫೆಬ್ರವರಿ 7

ಇವರ ಹತ್ತಿರ ಮಾತು ತೆಗೆದೆ. ಸುಳ್ಳು ಹೇಳಿ ಮಗುವಿನ ಭಯ ಬಿಡಿಸುವುದು ಸರಿಯಾ?

ಇವರು ಲಿಫ್ಟ್ ರಿಪೇರಿ ಮಾಡುವವರು. ಉಗುರಿನ ಗ್ರೀಸ್ ಉಜ್ಜುತ್ತಾ ಹೇಳಿದರು, "ನಡುವೆ ಸಿಕ್ಕಿಹಾಕ್ಕೊಂಡೋರು ಒಳಗಿಂದ ಕೂಗ್ತಾರೆ, ಎಷ್ಟು ಹೊತ್ತಾಗತ್ತೆ ಅಂತ. ಎರಡು ನಿಮಿಷ ಅಂತೀನಿ. ಯಾವತ್ತೂ ಎರಡು ನಿಮಿಷದಲ್ಲಿ ಆಗಿಲ್ಲ. ಮುಕ್ಕಾಲು ಗಂಟೆ ಅಂದ್ರೆ ಬಾಗಿಲು ಒದೀತಾರೆ."

"ಆಮೇಲೆ ಅವರು ನಿಮ್ಮನ್ನ ನಂಬ್ತಾರಾ?"

"ಆಮೇಲೆ ಅವರು ಹೊರಗಿರ್ತಾರಲ್ಲ."

ಅಣ್ಣ ತಂಗಿ ಒಂದೇ ಅಚ್ಚು.

ಫೆಬ್ರವರಿ 10

ಹದಿನೈದಕ್ಕೆ ಸಾರ್ವಜನಿಕರಿಗೆ ಸುರಂಗ ತೆರೆಯುತ್ತಾರೆ. ಅದೇ ಕೊನೆಯ ಸಲ. ಆಮೇಲೆ ಮುಚ್ಚಿ ಯಂತ್ರವನ್ನು ತಣ್ಣಗಾಗಿಸಲು ಶುರು. ಸಿಬ್ಬಂದಿಗೆ ಎರಡು ಪಾಸು. ಮರಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಇವರಿಗೆ ಖುಷಿ. "ಕಣ್ಣಾರೆ ನೋಡಿದ್ರೆ ಧೈರ್ಯ ಬರತ್ತೆ."

ಮೇಷ್ಟ್ರು ಕೆಳಗೇ ನಿಂತು ಜನರನ್ನು ಮಾತಾಡಿಸುತ್ತಾರೆ. ಒಂದೇ ಅಡ್ಡಿ, ಅಲ್ಲಿ ಎಲ್ಲರಿಗೂ ಹೆಲ್ಮೆಟ್.

ಹೆಲ್ಮೆಟ್ ಬಗ್ಗೆ ಯೋಚಿಸಿದೆ ಎಂದು ಬರೆದಿಡುತ್ತಿದ್ದೇನೆ. ಯೋಚಿಸಿದ್ದು ನಿಜ.

ಫೆಬ್ರವರಿ 15, ಭಾನುವಾರ

ಲಿಫ್ಟಿನಲ್ಲಿ ಕೆಳಗೆ. ಮರಿ ಕೈ ಬಿಡಲಿಲ್ಲ. ಬಹಳ ದಿನದ ಮೇಲೆ ನನ್ನ ಕೈ. ಸುರಂಗದ ಗೋಡೆ ನೋಡಿದಳು, ದಪ್ಪ ಕೊಳವೆ ದೂರದಲ್ಲಿ ಬಾಗುವುದನ್ನು ನೋಡಿದಳು. "ಇಷ್ಟೇನಾ?" ಎಂದಳು. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು.

"ಚಾಲೂ ಮಾಡೋ ಅಂಕಲ್ ಎಲ್ಲಿ?"

ತೋರಿಸಿದೆ. ಮೇಷ್ಟ್ರು ಯಾರಿಗೋ ವಿವರಿಸುತ್ತಿದ್ದರು. ಸೆಕೆಗೆ ತಾವಾಗಿಯೇ ಹೆಲ್ಮೆಟ್ ತೆಗೆದು ಕರವಸ್ತ್ರದಿಂದ ತಲೆ ಒರೆಸಿಕೊಂಡರು. ದೀಪದ ಕೆಳಗೆ ಆ ತಲೆ ಹೊಳೆಯಿತು.

ಮೆಲ್ಲಗೆ ಅಂದೆ, "ಅತ್ತೆ ಕಟಿಂಗ್ ಮಾಡೋದು ಇವರಿಗೇ ಅಲ್ವಾ ಮರಿ?"

ದನಿ ತುಂಬ ಸಹಜವಾಗಿತ್ತು. ನನಗೇ ಆಶ್ಚರ್ಯ.

ಮರಿ ನೋಡುತ್ತಲೇ ನಿಂತಳು. ಅಷ್ಟರಲ್ಲಿ ಮೇಷ್ಟ್ರನ್ನು ಬೇರೆ ಗುಂಪಿನವರು ಕರೆದರು, ಹೋದರು. ಮೇಲೆ ಬರುವಾಗ ಲಿಫ್ಟಿನಲ್ಲಿ ಬಾಯಿಬಿಟ್ಟಳು. "ನಿಂಗೆ ಮೊದಲೇ ಗೊತ್ತಿತ್ತಾ?"

'ಇಲ್ಲ' ಎನ್ನಬಹುದಿತ್ತು.

"ಗೊತ್ತಿತ್ತು."

ಕೈ ಬಿಟ್ಟಳು. ಅಳಲಿಲ್ಲ. ಹೆಲ್ಮೆಟ್ಟನ್ನು ತಾನೇ ತೆಗೆದು ರಾಶಿಯಲ್ಲಿ ಇಟ್ಟಳು, ನೀಟಾಗಿ.

ಫೆಬ್ರವರಿ 16

ಸಲೂನಿಗೆ ಹೋಗಲಿಲ್ಲ. ನೇರ ಮನೆಗೆ ಬಂದಳು. ಗೆದ್ದೆ ಅಂದುಕೊಂಡೆ. ಬಾಚಣಿಗೆ ತಂದೆ. "ನಾನೇ ಬಾಚ್ಕೋತೀನಿ ಅಮ್ಮ" ಎಂದಳು.

ಫೆಬ್ರವರಿ 18

ಕತ್ತರಿ ಬಂದಿದ್ದಳು. ಚಪ್ಪಲಿ ತೆಗೆಯಲಿಲ್ಲ, ಒಳಗೂ ಬರಲಿಲ್ಲ. ಬಾಗಿಲಲ್ಲಿ ನಿಂತೇ ಕೇಳಿದಳು.

"ನನ್ನನ್ನ ಸೋಲಿಸೋಕೆ ಮಗೂನ ಅಷ್ಟು ಆಳಕ್ಕೆ ಕರ್ಕೊಂಡು ಹೋದ್ರಾ ಅತ್ತಿಗೆ?"

"ನೀನು ಸುಳ್ಳು ಹೇಳಿದೆ. ಅವಳು ನೋಡಿದಳು."

"ನಿಜಾನಾ ಸುಳ್ಳಾ ಅಂತ ನನ್ನನ್ನ ಒಂದು ಮಾತು ಕೇಳಿದ್ರಾ?"

"ಕೇಳೋದೇನು. ಕಣ್ಣಿಗೇ ಕಾಣ್ತಿತ್ತು."

"ಸರಿ ಬಿಡಿ. ನೋಡಿದೋರು ನೀವು." ಮೆಟ್ಟಿಲವರೆಗೆ ಹೋಗಿ ತಿರುಗಿದಳು. "ಅವಳ ಜಡೆ ಬಿಗಿಯಾಗಿ ಹಾಕಬೇಡಿ, ಕಿವಿ ಹಿಂದೆ ನೋಯತ್ತೆ ಅವಳಿಗೆ. ನಿಮಗೆ ಹೇಳಿರಲ್ಲ."

ಹೇಳಿರಲಿಲ್ಲ.

ಮಾರ್ಚ್ 5

ಬರೆಯಲು ಏನೂ ಇರಲಿಲ್ಲ. ಮನೆ ಸದ್ದಿಲ್ಲದೆ ನಡೆಯುತ್ತಿದೆ. ಮರಿ ಈಗ ಏನೂ ಕೇಳುವುದಿಲ್ಲ. ಏನು ಹೇಳಿದರೂ "ಸರಿ ಅಮ್ಮ". ಬಾಡಿಗೆಗೆ ಇರುವವರ ಹಾಗೆ ಮರ್ಯಾದೆ. ಬೈತಲೆ ಅತ್ತ ಎಡಕ್ಕೂ ಇಲ್ಲ, ಇತ್ತ ನಡುವೆಯೂ ಇಲ್ಲ.

ಇವರು ನನ್ನೊಂದಿಗೆ ಮಾತಾಡುತ್ತಾರೆ, ಗ್ಯಾಸು, ಕರೆಂಟು ಬಿಲ್ಲು, ಇಷ್ಟರ ಬಗ್ಗೆ.

ಮಾರ್ಚ್ 6, ಮಧ್ಯಾಹ್ನ, ಆಫೀಸು

ಆದಷ್ಟು ನೇರವಾಗಿ ಬರೆಯುತ್ತೇನೆ.

ಮೇಷ್ಟ್ರು ಹದಿನೆಂಟರ ಉತ್ತರಗಳನ್ನು ತಿದ್ದಲು ಬಂದಿದ್ದರು. ಹೋಗುವಾಗ, "ನಿಮ್ಮ ನಾದಿನಿಗೆ ಹುಷಾರಿಲ್ವಾ ಮೇಡಂ? ಈ ಸಲ ಹೋದಾಗ ಮಾತೇ ಆಡಲಿಲ್ಲ."

"ಯಾರು ಸರ್?"

"ಸಲೂನಿನವರು. ಮೂರು ವರ್ಷದಿಂದ ಈ ಗಡ್ಡ ಅವರ ಕೈಯಲ್ಲೇ ಇರೋದು."

ಗಡ್ಡ ನೋಡಿದೆ. ಅಂಚು ಗೆರೆ ಎಳೆದ ಹಾಗಿತ್ತು. ದಿನಾ ನೋಡುವ ಮುಖ. ನನಗೆ ಬೇಕಾಗಿದ್ದು ತಲೆ, ತಲೆಯನ್ನಷ್ಟೇ ನೋಡಿದ್ದೆ.

"ಮುಂದಿನದು ಇಪ್ಪತ್ತೈದಕ್ಕೆ" ಎಂದರು. "ಜನವರಿಯಲ್ಲೇ ಬರೆಸಿಬಿಟ್ಟಿದೀನಿ. ಅವರೇ ಕೇಳಿದ್ರು. ಅಣ್ಣನ ಮಗಳು ಹೆದರಿದಾಳೆ, ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ, ಮರುವಾರಕ್ಕೆ ಒಂದು ದಿನ ನಿಜವಾಗಿ ಗೊತ್ತು ಮಾಡಿ ಅಂದ್ರು. ಮಾಡಿದೆ."

ನಾನು ಏನಾದರೂ ಹೇಳಬೇಕಿತ್ತು. ಹೇಳಿದ್ದು ಇದು: "ಪ್ರಾಮಿಸ್ ಮಾಡಬಾರದು ಅಂತ ನಿಯಮ ಇದೆಯಲ್ಲ ಸರ್."

"ಪ್ರಾಮಿಸ್ ಎಲ್ಲಿ ಮಾಡಿದೆ? ಅಪಾಯಿಂಟ್‌ಮೆಂಟ್ ತಗೊಂಡೆ." ಬಾಗಿಲ ಹತ್ತಿರ ನಿಂತರು. "ಅವತ್ತು ಕೆಳಗೆ ನಿಮ್ಮ ಜೊತೆ ಬಂದಿದ್ಲಲ್ಲ, ಅವಳೇನಾ ಆ ಮಗು? ಗೊತ್ತಿದ್ರೆ ಮಾತಾಡಿಸ್ತಿದ್ದೆ."

ಮಾರ್ಚ್ 7

ಹೇಳಲಿಲ್ಲ.

ಮಾರ್ಚ್ 9

ಇವತ್ತೂ ಇಲ್ಲ. ಹೇಳಲು ಜಾಗ ಸಿಗಲಿಲ್ಲ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಊಟಕ್ಕೆ ಎದುರೇ ಕೂತಿದ್ದಳು.

ಹೇಳಿದರೆ ಏನಾಗುತ್ತದೆ? ಮರಿ ಸಲೂನಿಗೆ ಓಡುತ್ತಾಳೆ. ಶಾಂಪೂ ವಾಸನೆ ಮತ್ತೆ ಬರುತ್ತದೆ. "ಅತ್ತೆ ಹೇಳಿದ್ರು" ಮತ್ತೆ ಬರುತ್ತದೆ. ಕತ್ತರಿ ಸುಳ್ಳೂ ಹೇಳಲಿಲ್ಲ. ಹೇಳುವ ಮೊದಲು ಅದನ್ನು ನಿಜ ಮಾಡಿಕೊಂಡಳು. ನಾನು ಕೈಯಲ್ಲಿದ್ದ ನಿಜವನ್ನೇ ಚಾಕುವಿನ ಹಾಗೆ ಹಿಡಿದೆ. ಇದರಲ್ಲೂ ಅವಳೇ ಮೇಲು. ಇದನ್ನು ಮಗಳ ಮುಂದೆ ನಾನೇ ಹೋಗಿ ಓದಿ ಹೇಳಬೇಕಾ?

ಕಾದಂಬರಿ ಮುಗಿಯಿತು. ಬಂದರಿನವಳು ಕೊನೆಗೆ ಹಡಗು ಹತ್ತುತ್ತಾಳೆ. ಅವಳಿಗೇನು, ಸಲೀಸು.

ಮಾರ್ಚ್ 12

ಕ್ಲಾಸ್ ಟೀಚರ್ ಕರೆಸಿದ್ದರು. ಮರಿ ತನ್ನ ವಸ್ತುಗಳನ್ನೆಲ್ಲ ಹಂಚುತ್ತಿದ್ದಾಳಂತೆ. ಬಣ್ಣದ ಪೆನ್ಸಿಲ್ ಒಬ್ಬಳಿಗೆ. ಹೊಸ ಜ್ಯಾಮಿಟ್ರಿ ಬಾಕ್ಸು ಮಾತೇ ಬಿಟ್ಟಿದ್ದ ಇನ್ನೊಬ್ಬಳಿಗೆ. ಯಾಕೆ ಅಂತ ಕೇಳಿದರೆ, "ಹದಿನೆಂಟಾದ ಮೇಲೆ ಇಟ್ಕೊಂಡು ಏನು ಮಾಡ್ಲಿ ಮಿಸ್" ಅಂದಳಂತೆ.

ಟೀಚರ್ ಅನುಮಾನದಿಂದ ನನ್ನ ಕಡೆ ವಾಲಿದರು. "ಮೇಡಂ, ನೀವು ಅಲ್ಲೇ ಕೆಲಸ ಮಾಡೋರು. ನಿಜವಾಗ್ಲೂ ಏನಾದ್ರೂ ಇದೆಯಾ?"

ಮನೆವರೆಗೆ ಇಬ್ಬರೂ ನಡೆದು ಬಂದೆವು. ಅವಳ ಬ್ಯಾಗು ಹಗುರವಾಗಿತ್ತು. ನಾನೇ ಹಿಡಿದುಕೊಂಡಿದ್ದೆ, ಗೊತ್ತಾಯಿತು.

ಬಾಯಿ ತೆರೆದೆ. "ಮರಿ, ಅತ್ತೆ ಹೇಳಿದ್ದು—" ನಿಂತು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಕೇಳುವ ಆಸೆ ಇರಲಿಲ್ಲ. ಅಮ್ಮ ಈಗ ಇನ್ನೇನು ತೋರಿಸುತ್ತಾಳೋ ಎಂಬ ಕಾವಲು ಇತ್ತು. ನಾನೊಬ್ಬಳೇ ಹೇಳಿದರೆ ಇನ್ನು ನಂಬುವುದಿಲ್ಲ. ಹೆದರಿದ ಮಗುವಿಗೆ ಅಮ್ಮ ಕಟ್ಟಿದ ಕಥೆ ಅಂದುಕೊಳ್ಳುತ್ತಾಳೆ.

ಮಾರ್ಚ್ 16

ಫೋನು ಕೆಳಗಿಡಲು ಬಿಡುತ್ತಿಲ್ಲ. ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಸಿಟ್ಟ ಒಬ್ಬರು. ಮದುವೆ ಮುಂದಕ್ಕೆ ಹಾಕಿದ ಒಬ್ಬರು. ಬಾಯಿಪಾಠ ಹೇಳುತ್ತಾ ಹೋದೆ.

ನಾಲ್ಕು ಗಂಟೆಗೆ ಟೈಲ್ಸ್ ಮನುಷ್ಯ. ಈ ಸಲ ದನಿ ಸಣ್ಣದಾಗಿತ್ತು. "ಕೊನೇ ಸಲ ಕೇಳ್ತೀನಿ ಮೇಡಂ. ಮನೆಯವಳು ಕೇಳ್ತಾಳೆ, ನೆಲ ಹೀಗೇ ಅಗೆದು ಬಿಟ್ಟಿದೀರಲ್ಲ ಅಂತ. ಹಾಕಿಸ್ಲಾ?"

"ಹಾಕಿಸಿ."

"ಆಂ?"

"ಹಾಕಿಸಿ ಸರ್. ಯಾವ ಬಣ್ಣ?"

"ಬೂದು ಅಂದ್ಕೊಂಡಿದೀವಿ. ಅವಳಿಗೆ ಬಿಳಿ ಇಷ್ಟ."

"ಬಿಳಿಯದೇ ಹಾಕಿಸಿ."

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಮೇಷ್ಟ್ರು. ಕನ್ನಡಕ ತೆಗೆದು ಒರೆಸಿಕೊಂಡರು. "ಬಿಳಿಗೆ ಕೊಳೆ ಬೇಗ ಕಾಣತ್ತೆ" ಎಂದರು. ತಿದ್ದಿದ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೋದರು.

ಮಾರ್ಚ್ 17, ಮಂಗಳವಾರ, ಸಂಜೆ

ನಾಳೆ ರಜೆ ಬೇಕು ಎಂದು ಕೇಳಿದೆ. ಇಡೀ ಕೇಂದ್ರದಲ್ಲಿ ಯಾರೂ ರಜೆ ಕೇಳಬಾರದ ದಿನ.

"ನಾಳೆನೇ?" ಮೇಷ್ಟ್ರು.

"ಸಲೂನಿಗೆ ಹೋಗಬೇಕು ಸರ್."

ಅವರ ಕೈ ಗಡ್ಡಕ್ಕೆ ಹೋಯಿತು. ಸಹಿ ಹಾಕಿದರು.

ತೀರ್ಮಾನ ಹೀಗೆ. ಯಾರಿಗೂ ಹೇಳಿಲ್ಲ, ಇವರಿಗೂ. ಹತ್ತು ಗಂಟೆಗೆ ಯಂತ್ರ ಚಾಲೂ. ಅದಕ್ಕೆ ಮೊದಲೇ ಮರಿಯನ್ನು ಕರೆದುಕೊಂಡು ಬಸ್ ನಿಲ್ದಾಣದ ಎದುರಿನ ಆ ಬಾಗಿಲು ತಳ್ಳುವುದು. ನಾನು ಅಲ್ಲಿಗೆ ಹೋಗಿಯೇ ಇಲ್ಲ. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಗೊತ್ತಿಲ್ಲ. ಅವಳ ಎದುರಿಗೇ ಮರಿಗೆ ಹೇಳುವುದು: ಅತ್ತೆ ಹೇಳಿದ್ದು ನಿಜ, ಅವರು ಬರೋದು ಗಡ್ಡಕ್ಕೆ, ಅಮ್ಮ ತಲೆ ಒಂದನ್ನೇ ತೋರಿಸಿದ್ಲು. ಆಮೇಲೆ ಮರಿ ಯಾರ ಕಡೆ ಓಡುತ್ತಾಳೆ ಎಂದು ನೋಡುತ್ತಾ ನಿಲ್ಲಬಾರದು. ಗೊತ್ತಿರುವುದೇ.

ಹೊಟ್ಟೆಕಿಚ್ಚು ಹೋಗಿಲ್ಲ. ಅದೂ ನಮ್ಮ ಜೊತೆ ಬಸ್ಸಿನಲ್ಲಿ ಬರುತ್ತದೆ.

ಮರಿಯನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಕುರ್ಚಿಯಲ್ಲಿ ನಾನು. ಕತ್ತಿಗೆ ಬಟ್ಟೆ ಕಟ್ಟಿಸಿಕೊಳ್ಳುವುದು. ಕನ್ನಡಕ ತೆಗೆದಿಡಬೇಕಾಗುತ್ತದೆ, ಆಗ ನನಗೆ ಏನೂ ಕಾಣುವುದಿಲ್ಲ. ಇರಲಿ. ಎಷ್ಟು ತೆಗೀಲಿ ಅತ್ತಿಗೆ, ಅಂತ ಕೇಳುತ್ತಾಳೆ. ಖಂಡಿತ ಕೇಳುತ್ತಾಳೆ. ಅಳತೆ ಹೇಳಬಾರದು. ಸ್ಕೇಲಿನ ಮಾತು ಎತ್ತಬಾರದು. ನಿನಗೆ ತೋಚಿದಷ್ಟು, ಅಂತ ಹೇಳಬೇಕು.